ಹಳೇ ಸೈಕಲ್ ಜೋಡಿಗೆ ಬಣ್ಣ ಹೊಡಿಯೋರು ನೋಡ್ರಿ
ಬಣ್ಣದ ಡಬ್ಬಿ ಆಮ್ಯಾಲೆ ತರ್ರಿ, ಮೊದ್ಲು ಬಿಚ್ಚೋದು ನೆಟ್ಟಗಾಗ್ಲಿ. ಎಡಗಡೆ ಪೆಡಲ್ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗೋ ಕಡೆ ತಿರುವಿದ್ರ ಬಿಚ್ತೈತಿ, ಕಾಟರ್ ಪಿನ್ನಿಗೆ, ಅಂದ್ರ ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ಆಕ್ಸಲ್ಲಿಗೆ ಬಿಗಿಯಾಗಿ ಹಿಡಿಯೋ ಬೆಣೆಗೆ, ಹಿಂದಿನ ರಾತ್ರಿನೇ ಎಣ್ಣಿ ಬಿಟ್ಟು ನಟ್ ಪೂರಾ ತೆಗೀದೆ ತುದಿಗೆ ತಂದು ಕ್ರ್ಯಾಂಕ್ ಕೆಳಗ ಕಟ್ಟಿಗಿ ಆಸರ ಕೊಟ್ಟು ಜೋರಾಗಿ ಒಂದೇಟು ಹೊಡೀರಿ, ಕುಟುಕುಟು ಬಡದ್ರ ಪಿನ್ ಹಾಳಾಗ್ತೈತಿ. ಕ್ರೋಮ್ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ನೀರಾಗ ಅದ್ದಿ ತಿಕ್ರಿ. ಫ್ರೇಮಿಗೆ ಮೊದ್ಲು ರೆಡ್ ಆಕ್ಸೈಡ್ (ತುಕ್ಕು ತಡೆಯೋ ಪ್ರೈಮರ್), ಒಣಗಿದ ಮ್ಯಾಲೆ 400 ನಂಬರ್ ವಾಟರ್ ಪೇಪರ್ (ನೀರು ಹಚ್ಚಿ ತಿಕ್ಕೋ ಉಜ್ಜುಕಾಗದ), ಆಮ್ಯಾಲೆ ಬಣ್ಣ ತೆಳ್ಳಗ ಎರಡ್ಮೂರು ಕೋಟು. ಆದ್ರ ನಮ್ಮ ರಾಯಚೂರು ಬಿಸಿಲಾಗ ಮಧ್ಯಾಹ್ನ ಸ್ಪ್ರೇ ಮಾಡ್ಬ್ಯಾಡ್ರಿ, ಬಣ್ಣ ಫ್ರೇಮಿಗೆ ಮುಟ್ಟೂದ್ರಾಗನ ಒಣಗಿ ಹರಳುಹರಳಾಗಿ ಕೂರ್ತೈತಿ, ಬೆಳಿಗ್ಗೆ ಧೂಳು ಏಳೋ ಮುಂಚೆ ಮುಗಸ್ರಿ, ಮಾಸ್ಕ್ ಬೇಕೇ ಬೇಕು. ಎರಡೂ ಸೈಕಲ್ಲಿಗೆ ಆಗೋವಷ್ಟು ಬಣ್ಣ ಒಂದೇ ಸಲ ಕಲಸ್ಕೊಳ್ರಿ, ಮತ್ತ ಕಲಸಿದ್ರ ಅದೇ ಶೇಡ್ ಬರೂದು ಕಷ್ಟ.