ಮಂಗನ ಕಾಯಿಲೆಯ ತಿಂಗಳುಗಳಲ್ಲಿ ಕಾಡಿಗೆ ಹೋಗಿಬರುವವರು ಮತ್ತು ಅವರ ಮನೆಯವರು ಪಾಲಿಸಬೇಕಾದ ಕ್ರಮಗಳು

ಮಂಗನ ಕಾಯಿಲೆ ಎಂಬ ಹೆಸರಿನಿಂದಾಗಿ ಜನರ ಗಮನವೆಲ್ಲ ಮರದ ಮೇಲೆ ಹೋಗುತ್ತದೆ, ಆದರೆ ಎಚ್ಚರ ಬೇಕಾಗಿರುವುದು ಕಾಲಿನ ಬುಡದಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಊರುಗಳವರೂ ಜ್ವರ ಹಿಡಿದು ಮಲಗಿದಾಗ ಮೊದಲು ಪತ್ತೆಯಾದ ಈ ವೈರಾಣುವನ್ನು ಮನುಷ್ಯರ ಮೈಗೆ ತಲುಪಿಸುವುದು ಉಣುಗು, ಅಂದರೆ ದನಕರುಗಳ ಮೈಯಲ್ಲಿ ನಾವೆಲ್ಲ ಕಂಡಿರುವ ಉಣ್ಣೆಹುಳುವಿನ ಜಾತಿಯದೇ ಒಂದು ಹುಳು. ಮುಸುವ ಮತ್ತು ಕೋತಿಗಳು ಈ ಕಾಯಿಲೆಗೆ ನಮ್ಮಂತೆಯೇ ತುತ್ತಾಗುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಆದ್ದರಿಂದ ಕಾಯಿಲೆಯಾದವರನ್ನು ದೂರವಿಡುವುದಕ್ಕೆ ಯಾವ ಕಾರಣವೂ ಇಲ್ಲ.

ಉಣುಗಿನ ಮರಿಗಳು ನವೆಂಬರ್ ಕೊನೆಯಿಂದ ಮೇ ತಿಂಗಳವರೆಗೆ ಒಣಗಿದ ಎಲೆ, ಹುಲ್ಲು ಮತ್ತು ಗಿಡಗಳ ತುದಿಯಲ್ಲಿ ಕಾದಿರುತ್ತವೆ. ಗಾತ್ರದಲ್ಲಿ ಎಳ್ಳಿನ ಕಾಳಿಗಿಂತಲೂ ಚಿಕ್ಕವಾಗಿರುವುದರಿಂದ ಕಚ್ಚಿದ್ದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಮಲೆನಾಡಿನವರು ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಒಣ ತರಗೆಲೆ, ತರುವುದು, ಸೌದೆ ಒಟ್ಟುವುದು, ದನ ಮೇಯಿಸಲು ಹೋಗುವುದು ಇದೇ ತಿಂಗಳುಗಳಲ್ಲಿ. ಜನವರಿಯಿಂದ ಏಪ್ರಿಲ್‌ವರೆಗೆ ರೋಗಿಗಳ ಸಂಖ್ಯೆ ಹೆಚ್ಚುವುದಕ್ಕೂ ಮಳೆ ಹಿಡಿದ ಮೇಲೆ ಕಡಿಮೆಯಾಗುವುದಕ್ಕೂ ಕಾರಣ ಇಲ್ಲಿಯೇ ಇದೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018ರ ಡಿಸೆಂಬರ್‌ನಿಂದ 2019ರ ಬೇಸಿಗೆಯವರೆಗೆ ಜೀವಹಾನಿಯಾದದ್ದನ್ನು ಈ ಸೀಮೆಯವರು ಮರೆತಿಲ್ಲ. ವಯನಾಡು, ಗೋವಾದ ಸತ್ತರಿ ಮತ್ತು ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಯಿಲೆ ಹಬ್ಬಿರುವುದರಿಂದ ಪಶ್ಚಿಮಘಟ್ಟದ ಉದ್ದಕ್ಕೂ ಕೂಲಿಗೆ ಹೋಗುವವರು ಇದನ್ನು ತಿಳಿದಿರಬೇಕು.

ಈಗ ಬಳಕೆಯಲ್ಲಿರುವ ಲಸಿಕೆ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು, ಹೊಸದರ ಕೆಲಸ ನಡೆದಿದೆ. ಹಾಗಾಗಿ ಹುಳು ಕಚ್ಚದಂತೆ ನೋಡಿಕೊಳ್ಳುವುದೇ ಸದ್ಯಕ್ಕೆ ನಮ್ಮ ಕೈಯಲ್ಲಿರುವ ರಕ್ಷಣೆ.

ಕಾಡಿಗೆ ಅಥವಾ ಕಾಡಿನಂಚಿನ ತೋಟಕ್ಕೆ ಹೊರಡುವ ಮುನ್ನ ಕೈಕಾಲು ಮುಚ್ಚುವ, ತಿಳಿಬಣ್ಣದ ಬಟ್ಟೆ ತೊಡಬೇಕು. ತಿಳಿಬಣ್ಣದ ಮೇಲೆ ಹತ್ತಿದ ಉಣುಗು ಕಣ್ಣಿಗೆ ಬೀಳುತ್ತದೆ. ಪ್ಯಾಂಟಿನ ಅಂಚನ್ನು ಕಾಲುಚೀಲದ ಒಳಗೆ ಸೇರಿಸಿ ಗಂಬೂಟು ಹಾಕಿಕೊಂಡರೆ ಹುಳು ಚರ್ಮ ಮುಟ್ಟುವುದು ಕಷ್ಟವಾಗುತ್ತದೆ. ಸೀರೆಯುಟ್ಟು ಕೆಲಸ ಮಾಡುವ ಹೆಂಗಸರು ಒಳಗೆ ಪೈಜಾಮ, ಮೇಲೆ ಉದ್ದ ತೋಳಿನ ಅಂಗಿ ತೊಡುವುದು ಒಳ್ಳೆಯದು. ಆರೋಗ್ಯ ಇಲಾಖೆಯು ಬಾಧಿತ ಊರುಗಳಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಹಂಚುವ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲವನ್ನು ಕಾಲು, ಕೈ ಮತ್ತು ಕುತ್ತಿಗೆಗೆ ಹಚ್ಚಿಕೊಂಡೇ ಹೊರಡಬೇಕು. ಬೆವರಿನಲ್ಲಿ ಅದು ತೊಳೆದುಹೋಗುವುದರಿಂದ ಇಡೀ ದಿನದ ಕೆಲಸವಿದ್ದರೆ ಬಾಟಲಿಯನ್ನು ಜೊತೆಯಲ್ಲಿಯೇ ಇಟ್ಟುಕೊಂಡು ನಡುವೆ ಮತ್ತೊಮ್ಮೆ ಹಚ್ಚಿಕೊಳ್ಳಬೇಕು; ಕಣ್ಣು, ಬಾಯಿ ಮತ್ತು ಗಾಯಗಳಿಗೆ ತಾಗಿಸಬಾರದು, ಊಟಕ್ಕೆ ಮುಂಚೆ ಕೈಗಳನ್ನು ಸೋಪು ಹಾಕಿ ತೊಳೆಯಬೇಕು. ಎಣ್ಣೆಯ ಜಿಡ್ಡು ಮತ್ತು ವಾಸನೆ ಹಿಡಿಸದೆ ಬಾಟಲಿಯನ್ನು ಮನೆಯಲ್ಲಿಯೇ ಬಿಟ್ಟುಬರುವವರು ಬಹಳ ಜನ. ಆ ಸ್ವಲ್ಪ ಕಿರಿಕಿರಿಯನ್ನು ಸಹಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಕೆಲಸದ ನಡುವೆ ವಿಶ್ರಾಂತಿಗೆಂದು ತರಗೆಲೆಯ ಮೇಲೆ ಕೂರುವುದು, ಒರಗುವುದು ಬೇಡ. ಬಂಡೆಯ ಮೇಲೆ ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿ ಕುಳಿತುಕೊಳ್ಳಬೇಕು. ಬಾಧಿತ ಊರುಗಳಲ್ಲಿ ಬೇಸಿಗೆ ಮುಗಿಯುವವರೆಗೆ ದರಕು ತರುವುದನ್ನೇ ನಿಲ್ಲಿಸಿ, ಕೊಟ್ಟಿಗೆಗೆ ಒಣಹುಲ್ಲನ್ನೋ ತೋಟದ ಅಡಿಕೆ ಸೋಗೆಯನ್ನೋ ಹಾಸಿದರೆ ಅಪಾಯದ ದೊಡ್ಡ ಪಾಲು ತಪ್ಪುತ್ತದೆ. ಗೊಬ್ಬರಕ್ಕೆ ದರಕು ಬೇಕೇ ಬೇಕು ಎನ್ನುವವರ ಕಷ್ಟ ನನಗೆ ತಿಳಿಯದ್ದಲ್ಲ, ಆದರೂ ಜೀವವು ಒಂದು ವರ್ಷದ ಗೊಬ್ಬರಕ್ಕಾಗಿ ತೆರಬಹುದಾದ ಬೆಲೆಯಲ್ಲ.

ಮನೆಗೆ ಮರಳಿದ ಮೇಲಿನ ಅರ್ಧ ಗಂಟೆ ಬಹಳ ಮುಖ್ಯ. ಹಾಕಿದ ಬಟ್ಟೆಯಲ್ಲಿ ಒಳಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುವುದಾಗಲಿ ಹಾಸಿಗೆಯ ಮೇಲೆ ಕೂರುವುದಾಗಲಿ ಮಾಡದೆ ನೇರವಾಗಿ ಬಚ್ಚಲಿಗೆ ಹೋಗಬೇಕು. ಬಟ್ಟೆಯನ್ನು ಕುದಿಯುವ ನೀರಿನಲ್ಲಿ ನೆನೆಹಾಕಬೇಕು. ಹೇಗೂ ಮಲೆನಾಡಿನ ಮನೆಗಳಲ್ಲಿ ಸಂಜೆ ಹಂಡೆಯ ಒಲೆ ಉರಿಯುತ್ತಲೇ ಇರುತ್ತದೆ. ಬಿಸಿನೀರು ಮತ್ತು ಸೋಪಿನಿಂದ ಮೈಯುಜ್ಜಿ ಸ್ನಾನ ಮಾಡುತ್ತಾ ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಸೊಂಟದ ಪಟ್ಟಿ ಕೂರುವ ಜಾಗ, ಕಿವಿಯ ಹಿಂದೆ ಮತ್ತು ಕೂದಲಿನ ಬುಡವನ್ನು ಬೆರಳಾಡಿಸಿ ನೋಡಬೇಕು. ಬೆನ್ನನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು.

ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ ಅಥವಾ ಹೊಗೆಸೊಪ್ಪಿನ ರಸ ಹಚ್ಚುವುದು, ಬೀಡಿಯಿಂದ ಸುಡುವುದು ನಮ್ಮಲ್ಲಿ ವಾಡಿಕೆ. ಇವನ್ನು ಬಿಡಬೇಕು, ಏಕೆಂದರೆ ಕೆಣಕಿದ ಹುಳು ತನ್ನ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೆ ಕಕ್ಕಬಹುದು. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಅಂಟಿಕೊಂಡಿರುವ ಅದರ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ ನೇರವಾಗಿ, ನಿಧಾನವಾಗಿ ಎಳೆಯಬೇಕು. ಉಗುರಿನಿಂದ ಕುಕ್ಕಿ ಸಾಯಿಸದೆ ಕುದಿಯುವ ನೀರಿಗೆ ಹಾಕಿ, ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು, ಆ ದಿನದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಬೇಕು.

ದನಗಳು ಈ ಕಾಯಿಲೆಯಿಂದ ಮಲಗದಿದ್ದರೂ ಕಾಡಿನ ಉಣುಗನ್ನು ಕೊಟ್ಟಿಗೆಯವರೆಗೆ ಹೊತ್ತುತರುತ್ತವೆ. ಪಶುವೈದ್ಯರನ್ನು ಕೇಳಿ ಉಣುಗು ನಾಶಕ ಔಷಧ ಕೊಡಿಸುವಾಗ, ಹಾಲನ್ನು ಎಷ್ಟು ದಿನ ಬಳಸಬಾರದು ಎಂಬುದನ್ನೂ ಕೇಳಿಕೊಳ್ಳಬೇಕು.

ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಬಾರದು. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಅಲ್ಲಿಯೇ ಸುತ್ತ ಹರಡಿಕೊಂಡಿರುವುದರಿಂದ ಆ ಜಾಗ ಅತ್ಯಂತ ಅಪಾಯದ್ದು. ಭಕ್ತಿಯಿಂದ ಹೂವೇರಿಸಿ ಮಣ್ಣು ಮಾಡಲು ಹೋಗುವವರು ಈ ಮಾತನ್ನು ದಯವಿಟ್ಟು ಕೇಳಬೇಕು. ಆಶಾ ಕಾರ್ಯಕರ್ತೆ, ಗ್ರಾಮ ಪಂಚಾಯಿತಿ ಅಥವಾ ಅರಣ್ಯ ಇಲಾಖೆಗೆ ತಿಳಿಸಿದರೆ ತರಬೇತಾದವರು ಬಂದು ಶವಪರೀಕ್ಷೆ ಮಾಡಿಸಿ, ಸುಟ್ಟು, ಸುತ್ತ ಐವತ್ತು ಅಡಿಯವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುತ್ತಾರೆ.

ತೋಟದ ಯಜಮಾನರಿಗೂ ಇಲ್ಲಿ ಹೊಣೆಯಿದೆ. ಅಡಿಕೆ ಕೊನೆ ಇಳಿಸುವ ಕೊನೆಗಾರರಿಗೂ ಸೊಪ್ಪು ಕಡಿಯುವವರಿಗೂ ತೈಲ, ಗಂಬೂಟು ಕೊಡಿಸಬೇಕು, ಸಂಜೆ ಬಿಸಿನೀರಿನ ವ್ಯವಸ್ಥೆ ಮಾಡಬೇಕು, ಜ್ವರ ಬಂದ ಆಳನ್ನು ಕೂಲಿ ಕಡಿಯದೆ ಆಸ್ಪತ್ರೆಗೆ ಕಳಿಸಬೇಕು. ಕೂಲಿ ಹೋದೀತೆಂಬ ಹೆದರಿಕೆಯಲ್ಲಿ ಗುಳಿಗೆ ನುಂಗಿ ಕೆಲಸಕ್ಕೆ ಬರುವವರಲ್ಲಿಯೇ ಕಾಯಿಲೆ ಬಲಿಯುತ್ತದೆ.

ಹುಳು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಚಳಿಯೊಂದಿಗೆ ಏಕಾಏಕಿ ಜೋರು ಜ್ವರ, ಹಣೆಯಲ್ಲಿ ತಡೆಯಲಾಗದ ನೋವು, ಮೈಕೈ ಸೆಳೆತ, ಕಣ್ಣು ಕೆಂಪಾಗುವುದು, ವಾಂತಿ ಅಥವಾ ಭೇದಿ ಕಾಣಿಸಿಕೊಂಡರೆ ಮರುದಿನಕ್ಕೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಡೆಂಗಿ ಮತ್ತು ಇಲಿಜ್ವರಗಳೂ ಹೀಗೆಯೇ ಶುರುವಾಗುವುದರಿಂದ, ತಾವು ಕಾಡಿಗೆ ಹೋಗಿದ್ದನ್ನು, ಉಣುಗು ಕಚ್ಚಿದ್ದನ್ನು, ಮಂಗ ಸತ್ತಿದ್ದರೆ ಅದನ್ನೂ ವೈದ್ಯರಿಗೆ ಕೇಳದಿದ್ದರೂ ಹೇಳಬೇಕು. ಆ ಮಾತಿನ ಆಧಾರದ ಮೇಲೆಯೇ ರಕ್ತದ ಮಾದರಿ ಸರಿಯಾದ ಪರೀಕ್ಷೆಗೆ ಹೋಗುತ್ತದೆ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಗುಳಿಗೆಯನ್ನಾಗಲಿ ಇಂಜೆಕ್ಷನ್ನನ್ನಾಗಲಿ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಈ ವೈರಾಣುವಿಗೆಂದೇ ಔಷಧವಿಲ್ಲದಿದ್ದರೂ ಸಕಾಲದಲ್ಲಿ ದ್ರವ ಕೊಟ್ಟು, ರಕ್ತದೊತ್ತಡ ಮತ್ತು ಪ್ಲೇಟ್‌ಲೆಟ್ ನೋಡಿಕೊಂಡರೆ ಹೆಚ್ಚಿನವರು ಗುಣವಾಗುತ್ತಾರೆ. ಮೂಗು ಅಥವಾ ವಸಡಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಸುಸ್ತು ಕಂಡರೆ 108ಕ್ಕೆ ಕರೆ ಮಾಡಬೇಕು. ಸಲಹೆಗೆ ಆರೋಗ್ಯ ಸಹಾಯವಾಣಿ 104 ಇದೆ.

ಜ್ವರ ಬಿಟ್ಟ ಕೂಡಲೇ ಕೆಲಸಕ್ಕೆ ಇಳಿಯುವುದು ಬೇಡ. ಕೆಲವರಲ್ಲಿ ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ ಮರುಕಳಿಸುತ್ತದೆ, ಈ ಸಲ ತಲೆನೋವಿನ ಜೊತೆ ಕೈನಡುಕ, ಮಂಕು, ತೊದಲು ಮಾತು, ಕಣ್ಣು ಮಂಜಾಗುವುದು ಬರಬಹುದು. ಆಸ್ಪತ್ರೆಯಿಂದ ಬಂದವರ ಪಕ್ಕದಲ್ಲಿ ಆ ದಿನಗಳಲ್ಲಿ ಮನೆಯವರೊಬ್ಬರು ಇದ್ದು ಮಾತು, ನಡಿಗೆಗಳನ್ನು ಗಮನಿಸುತ್ತಿರಬೇಕು, ಮತ್ತು ಇವುಗಳಲ್ಲಿ ಒಂದು ಕಂಡರೂ ರೋಗಿ ಬೇಡವೆಂದರೂ ಅದೇ ಆಸ್ಪತ್ರೆಗೆ ಹಿಂದಿನ ಚೀಟಿಗಳ ಸಮೇತ ಮರಳಿ ಕರೆದೊಯ್ಯಬೇಕು.