ಹನ್ನೊಂದು ಓಟಿನ ಕ್ಷೇತ್ರ: ಸ್ಲೌಗೆ ಬಂದ ಕಾಸರಗೋಡಿನವರಿಗೆ

ಬದಿಯಡ್ಕದ ನಮ್ಮಜ್ಜ 1952ರಲ್ಲಿ ಓಟು ಹಾಕಿದ್ದು ಮದ್ರಾಸ್ ರಾಜ್ಯದಲ್ಲಿ, ದಕ್ಷಿಣ ಕನ್ನಡದವರಾಗಿ. 1957ರಲ್ಲಿ ಹಾಕಿದ್ದು ಕೇರಳದಲ್ಲಿ, ಕಾಸರಗೋಡು ಕ್ಷೇತ್ರಕ್ಕೆ. ಮನೆ ಅದೇ, ಅಡಿಕೆ ತೋಟವೂ ಅದೇ, ಬದಲಾದದ್ದು ಗಡಿ ಮಾತ್ರ. ಹಾಗಾಗಿ ಇಂಗ್ಲೆಂಡಿನ ಸ್ಲೌಗೆ ಕೆಲಸಕ್ಕೆ ಬಂದ ನಮ್ಮವರಿಗೆ ಇಲ್ಲಿನ ಒಂದು ಹಳೇ ಕ್ಷೇತ್ರದ ಕತೆ ಹೇಳಬೇಕು ಅನಿಸುತ್ತದೆ.

ಅದರ ಹೆಸರು ಈಟನ್ ಆಂಡ್ ಸ್ಲೌ. ಹುಟ್ಟಿದ್ದು 1945ರಲ್ಲಿ. ಈಟನ್ ಅಂದರೆ ಸಿರಿವಂತರ ಮಕ್ಕಳು ಓದುವ ಹಳೇ ಶಾಲೆಯ ಊರು. ಸ್ಲೌ ಕಾರ್ಖಾನೆಗಳ ಊರು. 1950ರಿಂದ ಲೇಬರ್ ಪಕ್ಷದ ಫೆನ್ನರ್ ಬ್ರಾಕ್‌ವೇ ಇಲ್ಲಿನ ಎಂಪಿ. ಕಲ್ಕತ್ತಾದಲ್ಲಿ ಹುಟ್ಟಿದವರು, ಭಾರತದ ಸ್ವಾತಂತ್ರ್ಯದ ಪರ ನಿಂತವರು. ಮೈಬಣ್ಣ ನೋಡಿ ಭೇದ ಮಾಡಬಾರದು ಎಂಬ ಮಸೂದೆಯನ್ನು ಮತ್ತೆ ಮತ್ತೆ ತಂದರು. ಪ್ರತಿ ಸಲವೂ ಅದು ಬಿದ್ದುಹೋಯಿತು. 1964ರಲ್ಲಿ ಅವರೇ ಸೋತರು. ಎಷ್ಟು ಓಟಿನಲ್ಲಿ ಗೊತ್ತಾ? ಬರೀ 11! ಭೇದಭಾವ ತಡೆಯುವ ಮೊದಲ ಕಾನೂನು ಬಂದದ್ದು ಮರುವರ್ಷ, 1965ರಲ್ಲಿ. 2016ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಕಡೆಯ ಮಂಜೇಶ್ವರ ಕ್ಷೇತ್ರ 89 ಓಟಿನಲ್ಲಿ ತೀರ್ಮಾನವಾದದ್ದನ್ನು ಕಂಡ ನಮಗೆ ಆ 11ರ ಬೆಲೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1966ರಲ್ಲಿ ಜೋನ್ ಲೆಸ್ಟರ್ ಈ ಕ್ಷೇತ್ರವನ್ನು ಲೇಬರ್ ಪಕ್ಷಕ್ಕೆ ಮರಳಿ ಗೆದ್ದುಕೊಟ್ಟರು.

1974ರಲ್ಲಿ ಜಿಲ್ಲೆಗಳ ಗಡಿ ಬದಲಾದಾಗ ಎರಡೂ ಊರುಗಳನ್ನು ಬಕಿಂಗ್‌ಹ್ಯಾಮ್‌ಶೈರ್‌ನಿಂದ ತೆಗೆದು ಬರ್ಕ್‌ಶೈರ್‌ಗೆ ಸೇರಿಸಿದರು. ಈಟನ್ ವಿಂಡ್ಸರ್ ಕಡೆಗೆ ಹೋಯಿತು. 1983ರ ಚುನಾವಣೆಗೆ ಆ ಜೋಡಿ ಕ್ಷೇತ್ರವೇ ಇರಲಿಲ್ಲ. ಸ್ಲೌ ಅಂತ ಬೇರೆ ಕ್ಷೇತ್ರ ಬಂತು.

ಇಲ್ಲಿ ಇದು ಮಾಮೂಲಿ. ಗಡಿ ಎಳೆಯುವುದು ಬೌಂಡರಿ ಕಮಿಷನ್ನಿನ ಕೆಲಸ, ಈಗಿನ ಕಾನೂನಿನಂತೆ ಎಂಟು ವರ್ಷಕ್ಕೊಮ್ಮೆ. ಕೆಲವು ದ್ವೀಪದ ಕ್ಷೇತ್ರಗಳನ್ನು ಬಿಟ್ಟರೆ, ಮತದಾರರ ಸಂಖ್ಯೆ ಸರಾಸರಿಗಿಂತ ನೂರಕ್ಕೆ ಐದರಷ್ಟು ಮಾತ್ರ ಹೆಚ್ಚುಕಮ್ಮಿ ಇರಬಹುದು. ಹೊಸ ಗಡಿಯಲ್ಲಿ ಮೊದಲ ಚುನಾವಣೆ ನಡೆದದ್ದು 2024ರ ಜುಲೈ 4ರಂದು. ಸ್ಲೌ ನಗರಸಭೆಗೆ ತೆರಿಗೆ ಕಟ್ಟುವ ಕೆಲವು ವಾರ್ಡಿನವರು ಎಂಪಿ ಚುನಾವಣೆಯಲ್ಲಿ ವಿಂಡ್ಸರ್ ಕ್ಷೇತ್ರದವರು. ನಿಮ್ಮದು ಯಾವುದು ಅಂತ ಪೋಸ್ಟ್‌ಕೋಡ್ ಹಾಕಿ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. ತುಂಬಾ ಜನ ಬ್ರಿಟಿಷ್ ಪಾಸ್‌ಪೋರ್ಟ್ ಬಂದ ಮೇಲೆಯೇ ಓಟು ಅಂದುಕೊಂಡು ಸುಮ್ನೆ ಕೂರುತ್ತಾರೆ. ಹಾಗಿಲ್ಲ! ಭಾರತ ಕಾಮನ್‌ವೆಲ್ತ್ ದೇಶ, ಅಂದರೆ ಹೆಚ್ಚಾಗಿ ಬ್ರಿಟನ್ನಿನ ಹಳೇ ವಸಾಹತುಗಳಿರುವ ಕೂಟದ ಸದಸ್ಯ. ವೀಸಾ ಸರಿಯಿದ್ದು, ಇಲ್ಲೇ ವಾಸವಿದ್ದು, 18 ತುಂಬಿದ್ದರೆ ಭಾರತದ ಪಾಸ್‌ಪೋರ್ಟಿನವರೂ ಪಾರ್ಲಿಮೆಂಟಿಗೆ ಓಟು ಹಾಕಬಹುದು. ಸರಕಾರದ ವೆಬ್‌ಸೈಟಿನಲ್ಲಿ ಹೆಸರು ಸೇರಿಸಿ, ಇಲ್ಲಿ ಕೆಲಸಕ್ಕೆ ಸೇರಿದವರಿಗೆ ಸರಕಾರ ಕೊಡುವ ನ್ಯಾಷನಲ್ ಇನ್ಶುರೆನ್ಸ್ ನಂಬರ್ ಕೈಯಲ್ಲಿರಲಿ. ಚುನಾವಣೆಗೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ.

ಬೂತ್ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ, ಶಿಫ್ಟ್ ಮುಗಿಸಿಯೂ ಹೋಗಬಹುದು. ಗುರುತಿಗೆ ನಮ್ಮ ಪಾಸ್‌ಪೋರ್ಟೇ ಸಾಕು. ಯಂತ್ರ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಕಾಗದದ ಚೀಟಿಯಲ್ಲಿ ನಿಮ್ಮ ಅಭ್ಯರ್ಥಿಯ ಮುಂದೆ ಪೆನ್ಸಿಲಿನಿಂದ ಒಂದು X ಗುರುತು ಹಾಕಿ. ಮಡಚಿ ಪೆಟ್ಟಿಗೆಗೆ ಹಾಕಿ. ಬಾಡಿಗೆ ಮನೆ ಬದಲಿಸಿದರೆ ಮಾತ್ರ ಹೊಸ ವಿಳಾಸದಲ್ಲಿ ಮತ್ತೆ ಹೆಸರು ಸೇರಿಸಬೇಕು.