ಸರದಿಗೆ ನಿಲ್ಲುವುದೋ, ಗುಂಪು ಕಟ್ಟುವುದೋ

ತೀರ್ಥಹಳ್ಳಿಯ ಮಳೆಗಾಲದಲ್ಲಿ ಕರೆಂಟನ್ನು ನಂಬಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುವವನು ನಾನು. ಇನ್ವರ್ಟರ್ ಒಂದು ಗಂಟೆ ಬಂದರೆ ಪುಣ್ಯ. ಅಂಥ ದಿನ, ಐವರು ಕೂಡಿ ಶತ್ರುಗಳನ್ನು ಹೊಡೆಯುತ್ತ ಸಾಗುವ ಸಾಮಾನ್ಯ ಡಂಜನ್‌ಗೆ 2009ರಲ್ಲಿ ಬಂದ ಡಂಜನ್ ಫೈಂಡರ್ ಸಾಕು. ಪಾತ್ರ ಆರಿಸಿ ಸರದಿಗೆ ನಿಲ್ಲಿ. ಏಟು ತಡೆಯುವ ಒಬ್ಬ ಟ್ಯಾಂಕ್, ಗಾಯ ಮಾಯಿಸುವ ಒಬ್ಬ ಹೀಲರ್, ಹೊಡೆಯುವ ಮೂವರನ್ನು ಅದೇ ಕೂಡಿಸುತ್ತದೆ. ಹೊಡೆಯುವವರ ಸರದಿ ಸಾಮಾನ್ಯವಾಗಿ ಉದ್ದ. ನಾನು ಹೀಲರ್ ಆದದ್ದು ಸೇವಾಭಾವದಿಂದಲ್ಲ!

ಗಡುವಿನೊಳಗೆ ಮುಗಿಸಬೇಕಾದ ಕಠಿಣ ಡಂಜನ್ ಆದ ಮಿಥಿಕ್ ಪ್ಲಸ್‌ಗೆ ಈ ಸೌಕರ್ಯವಿಲ್ಲ, ಗುಂಪನ್ನು ನೀವೇ ಕಟ್ಟಬೇಕು. ಅಡಿಕೆ ಸುಲಿಯಲು ಮುಯ್ಯಾಳು ಕರೆದಂತೆಯೇ ಇದು. ಮೊದಲು ಟ್ಯಾಂಕ್ ಹುಡುಕಿ. ಡಂಜನ್ ಎಷ್ಟು ಕಠಿಣವೆಂದು ತಿಳಿಸುವ ಕೀಲಿಯ ಮಟ್ಟವನ್ನು ಕರೆಯಲ್ಲೇ ಬರೆಯಿರಿ. ಚೆನ್ನಾಗಿ ಆಡಿದವರನ್ನು ಅಂದೇ ಸ್ನೇಹಿತರ ಪಟ್ಟಿಗೆ ಸೇರಿಸಿಕೊಳ್ಳಿ.

ಕಳೆದ ಆಷಾಢದಲ್ಲಿ ಕೊನೆಯ ಬಾಸ್, ಅಂದರೆ ದೊಡ್ಡ ಶತ್ರುವಿನ ಎದುರು ನಿಂತಾಗ ನಮ್ಮ ಮನೆ ಕತ್ತಲಾಯಿತು. ಪಟ್ಟಿಯ ಆ ನಾಲ್ವರು, ಗಡುವು ಮೀರಿದರೂ, ಕಾದರು.